ಮಗಳಿಗೆ ‘ಪೊನ್ನಮ್ಮ’ ಎಂದು ಹೆಸರಿಡುವ ವಿಚಾರ: ಅರ್ಥ, ಮೂಲ, ಈಗಿನ ಕಾಲಕ್ಕೆ ಹೊಂದುತ್ತದೆಯೇ?

ಅಮ್ಮತ್ತಿ_ಅಪ್ಪ

ಎಲ್ಲರಿಗೂ ನಮಸ್ಕಾರ. ನಮಗೆ ಹೆಣ್ಣು ಮಗು ಹುಟ್ಟಿ ಒಂದು ತಿಂಗಳಾಯಿತು. ತೊಟ್ಟಿಲಿಗೆ ಹಾಕಿದ ದಿನ ನಮ್ಮ ತಂದೆ ಯಾರನ್ನೂ ಕೇಳದೆ ಮಗುವನ್ನು ‘ಪೊನ್ನಮ್ಮ’ ಎಂದು ಕರೆದುಬಿಟ್ಟರು. ಅದು ಅವರ ತಾಯಿಯ ಹೆಸರು, ನನ್ನನ್ನು ಎತ್ತಿ ಆಡಿಸಿದ ಅಜ್ಜಿಯ ಹೆಸರು. ನನ್ನ ಹೆಂಡತಿಗೂ ಇಷ್ಟವಾಗಿದೆ. ಆದರೆ ಅವಳ ಅಕ್ಕ ಬೆಂಗಳೂರಿನಿಂದ ಫೋನ್ ಮಾಡಿ, “ಶಾಲೆಗೆ ಸೇರಿದ ಮೊದಲ ದಿನವೇ ಮಗುವನ್ನು ಅಜ್ಜಿ ಎಂದು ಕರೆಯುತ್ತಾರೆ ನೋಡಿ. ಮುಂದೆ ಒಂದು ಚಿಕ್ಕ ಹೆಸರಿಟ್ಟು, ಬೇಕಿದ್ದರೆ ಇದನ್ನು ಹಿಂದಕ್ಕೆ ಹಾಕಿ” ಎಂದರು. ಆ ಮಾತು ತಲೆಯಲ್ಲಿ ಕೊರೆಯುತ್ತಿದೆ.

ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ತುಂಬುವ ಮೊದಲು ಬಲ್ಲವರ ಮಾತು ಕೇಳೋಣ ಎನಿಸಿತು. ಹೆಸರಿನ ಅರ್ಥ ಬಂಗಾರ ಎಂಬಷ್ಟು ತಿಳಿದಿದೆ. ಇದು ಕೊಡವರಲ್ಲಿ ಮಾತ್ರ ಇರುವ ಹೆಸರೇ? ಒಂದು ಕಾಲದಲ್ಲಿ ಮನೆಗೊಬ್ಬರಂತೆ ಇದ್ದ ಪೊನ್ನಮ್ಮಂದಿರು ಈಗ ಎಲ್ಲಿ ಹೋದರು?

ಸೋಮವಾರಪೇಟೆ_ಮೇಷ್ಟ್ರು

ಮಗುವಿಗೆ ಆಶೀರ್ವಾದ. ನಾನು ಕನ್ನಡ ಪಾಠ ಮಾಡಿ ನಿವೃತ್ತನಾದವನು, ಆದ್ದರಿಂದ ಮೊದಲ ಪ್ರಶ್ನೆಯನ್ನು ನನಗೆ ಬಿಡಿ.

ಪೊನ್ನು ಎಂದರೆ ಹೊನ್ನು. ಹಳಗನ್ನಡದಲ್ಲಿಯೂ ಈ ಮಾತು ‘ಪೊನ್’ ಎಂದೇ ಇತ್ತು. ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಗತೊಡಗಿದ್ದು 10ನೆಯ ಶತಮಾನದ ಸುಮಾರಿಗೆ. 14ನೆಯ ಶತಮಾನದ ಹೊತ್ತಿಗೆ ಪಾಲು ಹಾಲಾಗಿ, ಪತ್ತು ಹತ್ತಾಗಿ, ಪುಲಿ ಹುಲಿಯಾಗಿ ನೆಲೆ ನಿಂತವು. ಕೊಡವ, ತುಳು, ತಮಿಳು, ಮಲಯಾಳ ಭಾಷೆಗಳು ಈ ದಾರಿ ಹಿಡಿಯಲಿಲ್ಲ. ನಮ್ಮ ಕೊಡಗು ಜಿಲ್ಲೆಯಲ್ಲಿ ಇದರ ಉದಾಹರಣೆ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬವಾಗಿ ಎಲ್ಲರ ಮನೆ ಬಾಗಿಲಿಗೂ ಬರುತ್ತದೆ. ಪತ್ರಿಕೆಗಳು ಹುತ್ತರಿ ಎಂದು ಅಚ್ಚು ಹಾಕುತ್ತವೆ, ಕೊಡವರು ಪುತ್ತರಿ ಎನ್ನುತ್ತಾರೆ. ಕೊಯ್ಯುವ ಕದಿರು ಒಂದೇ.

ಹಾಗಾಗಿ ಪೊನ್ನಮ್ಮನಿಗೆ ಕನ್ನಡದಲ್ಲಿ ಒಬ್ಬ ಒಡಹುಟ್ಟಿದವಳಿದ್ದಾಳೆ: ಹೊನ್ನಮ್ಮ. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದು, ಸಾಂಗತ್ಯದಲ್ಲಿ ಕಾವ್ಯ ಬರೆದ ಸಂಚಿಯ ಹೊನ್ನಮ್ಮನನ್ನು ನಮ್ಮ ತಲೆಮಾರಿನವರು ಪಠ್ಯದಲ್ಲಿ ಓದಿದ್ದೇವೆ. ಇನ್ನೂ ಹಿಂದೆ ಹೋದರೆ, 10ನೆಯ ಶತಮಾನದ ರತ್ನತ್ರಯರಲ್ಲಿ ಒಬ್ಬನ ಹೆಸರೇ ಪೊನ್ನ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಉಭಯಕವಿ ಚಕ್ರವರ್ತಿ ಎನಿಸಿಕೊಂಡವನು. ಸಾವಿರ ವರ್ಷದ ಹಿಂದೆ ಕನ್ನಡದ ಕವಿಯೊಬ್ಬ ಇಟ್ಟುಕೊಂಡಿದ್ದ ಹೆಸರಿನ ಸದ್ದು ನಮ್ಮ ನಡುವೆ ಹಾಗೆಯೇ ಉಳಿದಿರುವುದು ಕೊಡವರ ಮನೆಗಳಲ್ಲಿ. ಪೊನ್ನಪ್ಪ, ಪೊನ್ನಣ್ಣ, ಪೊನ್ನಮ್ಮ, ಪೊನ್ನಕ್ಕ ಎಲ್ಲವೂ ಆ ಒಂದೇ ಬೇರಿನ ಚಿಗುರುಗಳು.

ಪುತ್ತೂರಿನ_ಅಳಿಯ

ಮೇಷ್ಟ್ರೇ, ನಾನು ದಕ್ಷಿಣ ಕನ್ನಡದವನು, ಮಡಿಕೇರಿಯಲ್ಲಿ ಹೆಣ್ಣು ತಂದವನು. ನಮ್ಮ ತುಳುವಿನಲ್ಲಿ ‘ಪೊಣ್ಣು’ ಎಂದರೆ ಹುಡುಗಿ. ಪೊನ್ನಮ್ಮ ಎಂದರೆ ಹುಡುಗಿಯಮ್ಮ ಎಂದು ನಾನು ಮದುವೆಯ ಹೊಸತರಲ್ಲಿ ಅತ್ತೆಯ ಎದುರೇ ಅರ್ಥ ಹೇಳಿದ್ದೆ. ಅವರು ನಕ್ಕು ಸುಮ್ಮನಾದರು. ಅದೂ ಒಂದು ಮೂಲ ಆಗಬಹುದಲ್ಲವೇ?

ಸೋಮವಾರಪೇಟೆ_ಮೇಷ್ಟ್ರು

ಆಗದು. ನಿಮ್ಮದರಲ್ಲಿ ಇರುವುದು ಮೂರ್ಧನ್ಯ ಣಕಾರ. ಅದು ಹಳಗನ್ನಡದ ಪೆಣ್, ಈಗಿನ ಹೆಣ್ಣು. ಇಲ್ಲಿ ಇರುವುದು ನಕಾರ. ಅದು ಪೊನ್, ಹೊನ್ನು. ಪಕಾರ ಕಂಡ ಕೂಡಲೇ ಎರಡನ್ನೂ ಒಂದೇ ಕಟ್ಟಿಗೆ ಸೇರಿಸಬಾರದು. ನಿಮ್ಮ ಅತ್ತೆ ನಕ್ಕದ್ದು ಸರಿಯಾಗಿಯೇ ಇದೆ.

ಪೊನ್ನಮ್ಮ_ನಾನೇ

ಈ ಚರ್ಚೆಯಲ್ಲಿ ನಾನು ಮಾತನಾಡದಿದ್ದರೆ ಹೇಗೆ? ನನ್ನ ಹೆಸರು ಪೊನ್ನಮ್ಮ. ಊರು ಬಾಳೆಲೆ, ಕೆಲಸ ಬೆಂಗಳೂರಿನ ಬ್ಯಾಂಕೊಂದರಲ್ಲಿ, ವಯಸ್ಸು ಮೂವತ್ತು ದಾಟಿದೆ. ನಿಮ್ಮ ಅತ್ತಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಣ್ಣ. ಶಾಲೆಯಲ್ಲಿ ಅಜ್ಜಿ ಎಂದು ಕರೆದವರಿದ್ದರು. ಅದು ಐದನೆಯ ತರಗತಿಯಲ್ಲಿ ಶುರುವಾಗಿ ಏಳಕ್ಕೆ ಬರುವಷ್ಟರಲ್ಲಿ ಮುಗಿಯಿತು. ಆಮೇಲೆ ಎಲ್ಲರಿಗೂ ‘ಪೊನ್ನು’ ಆದೆ.

ಬ್ಯಾಂಕಿನಲ್ಲಿ ಬೇರೆಯೇ ಕಥೆ. ಮೇಜಿನ ಮೇಲಿನ ಹೆಸರಿನ ಫಲಕ ಓದಿ ಹತ್ತರಲ್ಲಿ ಐದು ಜನ ನನ್ನೊಡನೆ ಮಲಯಾಳದಲ್ಲಿ ಮಾತು ತೆಗೆಯುತ್ತಾರೆ. ಕೇರಳದಲ್ಲಿ ಹಿಂದೂಗಳಲ್ಲಿಯೂ ಕ್ರೈಸ್ತರಲ್ಲಿಯೂ ಈ ಹೆಸರು ಇದೆ. ಚಿತ್ರರಂಗದಲ್ಲಿ ಅಮ್ಮನ ಪಾತ್ರಗಳಿಗೆ ಹೆಸರಾಗಿದ್ದು 2024ರಲ್ಲಿ ತೀರಿಕೊಂಡ ಕವಿಯೂರ್ ಪೊನ್ನಮ್ಮ ಅವರನ್ನು ಬಲ್ಲವರಿಗೆ ಪೊನ್ನಮ್ಮ ಎಂದರೆ ಕೇರಳವೇ. ಕೊಡಗು ಎಂದು ಹೇಳಿದ ಮೇಲೆ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: “ಹಾಗಿದ್ದರೆ ಪೂರ್ತಿ ಹೆಸರೇನು?” ಪೂರ್ತಿ ಹೆಸರು ಇದೇ ಎಂದರೆ ನಂಬುವುದಿಲ್ಲ. ಹಿಂದೊಂದು ಅಪ್ಪಯ್ಯನೋ ಅಣ್ಣನೋ ಇರಲೇಬೇಕು ಎಂದು ಅವರಿಗೆ ಅನಿಸುತ್ತದೆ.

ಹೆಸರಿನಿಂದ ನನಗೆ ನಷ್ಟವೇನೂ ಆಗಿಲ್ಲ. ಕಚೇರಿಯಲ್ಲಿ ಮೂವರು ಪ್ರಿಯಾಂಕಾ ಇದ್ದಾರೆ. ಅವರಿಗೆ ಬರಬೇಕಾದ ಪತ್ರಗಳು ಅದಲುಬದಲಾಗುತ್ತಲೇ ಇರುತ್ತವೆ. ನನ್ನ ಪತ್ರ ನನಗೇ ಬರುತ್ತದೆ.

ಬೆಂಗಳೂರು_ಚಿಕ್ಕಮ್ಮ

ನಾನು ಅತ್ತಿಗೆಯ ಪರ. ಹೆಸರು ಇಡುವವರಿಗೆ ಹೆಮ್ಮೆ, ಹೊರುವುದು ಮಗು. ‘ಅಮ್ಮ’ ಎಂದು ಕೊನೆಯಾಗುವ ಯಾವ ಹೆಸರನ್ನೇ ತೆಗೆದುಕೊಳ್ಳಿ, ಪೇಟೆಯಲ್ಲಿ ಅದು ವಯಸ್ಸಾದವರ ಹೆಸರಾಗಿಬಿಟ್ಟಿದೆ. ಧಾರಾವಾಹಿಗಳನ್ನು ನೋಡಿ: ನಾಯಕಿಗೆ ಎರಡಕ್ಷರದ ಹೆಸರು, ಮನೆಗೆಲಸದವಳಿಗೆ ಅಮ್ಮನ ಹೆಸರು. ಇದು ಸರಿಯೆಂದು ನಾನು ಹೇಳುತ್ತಿಲ್ಲ, ಹೀಗಿದೆ ಎನ್ನುತ್ತಿದ್ದೇನೆ. ಅಜ್ಜಿಯ ಮೇಲೆ ಪ್ರೀತಿಯಿದ್ದರೆ ತೋಟಕ್ಕೆ ಅಜ್ಜಿಯ ಹೆಸರಿಡಿ. ಗೇಟಿನ ಮೇಲೆ ಬರೆಸಿದರೆ ತೋಟವೇನೂ ಶಾಲೆಗೆ ಹೋಗಬೇಕಾಗಿಲ್ಲ.

ಕಕ್ಕಬ್ಬೆ_ಜೇನು

ಚಿಕ್ಕಮ್ಮನವರೇ, ತೋಟಕ್ಕೆ ಹೆಸರಿಡುವ ಸಲಹೆ ಚೆನ್ನಾಗಿದೆ. ತೋಟ ಪಾಲಾದ ದಿನ ಹೆಸರೂ ಪಾಲಾಗುತ್ತದೆ. ನನ್ನ ಮಾತು ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹಳೆಯ ಹೆಸರುಗಳು ಹೋದವು ಎಂದು ಎಲ್ಲರೂ ಗೊಣಗುತ್ತಾರೆ. ಗಂಡಸರ ಹೆಸರುಗಳು ಎಲ್ಲಿ ಹೋಗಿವೆ? ಅವು ತಮ್ಮ ಜಾಗ ಬಿಟ್ಟು ಬಾಲಕ್ಕೆ ಸರಿದು ಕೂತಿವೆ, ಅಷ್ಟೆ. ಹಿಂದಿನ ಕ್ರಮ ನೆನಪಿಸಿಕೊಳ್ಳಿ. ಮೊದಲು ಒಕ್ಕದ, ಅಂದರೆ ಮನೆತನದ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ಕೊಡಂದೇರ ಒಕ್ಕ, ಮಾದಪ್ಪ ತಂದೆ, ಕಾರ್ಯಪ್ಪ ತಾವು. 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದವರನ್ನು ದೇಶ ಜನರಲ್ ಕಾರ್ಯಪ್ಪ ಎಂದು ಕರೆದಾಗ ತೊಟ್ಟಿಲಲ್ಲಿ ಇಟ್ಟ ಹೆಸರನ್ನೇ ಕರೆಯಿತು. ಅವರ ಮಗ, 1965ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆಯಾಗಿದ್ದ ವಾಯುಪಡೆಯ ಅಧಿಕಾರಿ, ಜನರ ಬಾಯಲ್ಲಿ ನಂದಾ ಕಾರ್ಯಪ್ಪ. ಒಂದೇ ತಲೆಮಾರು ಕಳೆಯುವಷ್ಟರಲ್ಲಿ ಅಪ್ಪನ ಹೆಸರು ಮಗನ ಬಾಲವಾಗಿದೆ ನೋಡಿ.

ಈಗ ರೋಹನ್ ಬೋಪಣ್ಣ, ಅಶ್ವಿನಿ ಪೊನ್ನಪ್ಪ, ಜೋಷ್ನಾ ಚಿಣ್ಣಪ್ಪ, ರಶ್ಮಿಕಾ ಮಂದಣ್ಣ. ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನ ಪುರುಷರ ಡಬಲ್ಸ್ ಗೆದ್ದದ್ದು 2024ರಲ್ಲಿ, 43ನೆಯ ವಯಸ್ಸಿನಲ್ಲಿ. ಜಗತ್ತಿನ ಬಾಯಲ್ಲಿ ಓಡಾಡಿದ ಹೆಸರು ಅವರ ತಂದೆಯದು. ಅವರ ಒಕ್ಕ ಮಚ್ಚಂಡ ಎಂಬುದು ನಮ್ಮವರಿಗೆ ಮಾತ್ರ ಗೊತ್ತು. ಇನ್ನು ಮಂದಣ್ಣ ಎಂಬುದಂತೂ ಉತ್ತರ ಭಾರತದವರಿಗೆ ಹುಡುಗಿಯ ಹೆಸರಿನಂತೆಯೇ ಕೇಳಿಸುತ್ತಿರಬೇಕು. ಗದ್ದೆ ಉತ್ತು, ಹಂದಿ ಬೇಟೆಯಾಡಿ, ಮೀಸೆ ತಿರುವಿಕೊಂಡಿದ್ದ ನೂರಾರು ಮಂದಣ್ಣಂದಿರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಇದಕ್ಕೆ ಕಾರಣ ಫಾರಂಗಳು. ಶಾಲೆಯ ಅರ್ಜಿ, ಪಾಸ್‌ಪೋರ್ಟ್, ಕಾಲೇಜು, ಎಲ್ಲ ಕಡೆಯೂ ‘ಉಪನಾಮ’ ಎಂಬ ಒಂದು ಕಲಂ. ನ್ಯಾಯವಾಗಿ ಅಲ್ಲಿ ಬರಬೇಕಾದದ್ದು ಒಕ್ಕದ ಹೆಸರು. ಆದರೆ ಅದನ್ನು ನಾವು ಒಂದು ಇನಿಷಿಯಲ್ ಮಾಡಿ ಮುಂದಿಟ್ಟುಬಿಟ್ಟಿದ್ದೆವು, ಹೊರಗಿನವರಿಗೆ ಉಚ್ಚರಿಸಲೂ ಕಷ್ಟ. ತಂದೆಯ ಹೆಸರು ಕೈಗೆ ಸಿಕ್ಕಿತು, ತುಂಬಿದೆವು. ಒಮ್ಮೆ ಬಾಲವಾದ ಹೆಸರು ಮುಂದಿನ ಪೀಳಿಗೆಗೂ ಬಾಲವಾಗಿಯೇ ಇಳಿಯುತ್ತದೆ.

ಈಗ ಹೆಂಗಸರ ಕಡೆ ತಿರುಗಿ. ಮಗನ ಬಾಲಕ್ಕಾಗಲಿ ಮಗಳ ಬಾಲಕ್ಕಾಗಲಿ ತಾಯಿಯ ಹೆಸರನ್ನು ಯಾರು ಹಾಕಿದರು? ಮದುವೆಯಾದ ಮೇಲೆ ಅವಳ ಒಕ್ಕದ ಹೆಸರೂ ಬದಲು, ಬಾಲದಲ್ಲಿದ್ದ ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರು. ನನ್ನ ಅಜ್ಜಿಯೂ ಪೊನ್ನಮ್ಮನೇ. ಅವರ ಹೆಸರು ಪೂರ್ತಿಯಾಗಿ ಬರೆದಿರುವುದನ್ನು ನಾನು ಕಂಡದ್ದು ಒಂದು ಹಿತ್ತಾಳೆಯ ಬೋಗುಣಿಯ ಅಂಚಿನಲ್ಲಿ, ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಕ್ಷರಗಳಲ್ಲಿ. ಮ ಅಕ್ಷರದ ಒತ್ತಿಗೆ ಜಾಗ ಸಾಲದೆ ಕೊರೆಯುವವನು ಅದನ್ನು ಅಂಚಿನ ಕೆಳಗೆ ಇಳಿಸಿದ್ದಾನೆ. ಮನೆಯ ಕಾಗದಪತ್ರಗಳಲ್ಲಿ ಎಲ್ಲೆಡೆ ‘ಇಂಥವರ ಹೆಂಡತಿ’. ಮೊಮ್ಮಕ್ಕಳಿಗೆ ಅಜ್ಜನ ಹೆಸರು ಬಾಲವಾಗಿ ತಾನಾಗಿಯೇ ಸಿಕ್ಕಿತು, ಅಜ್ಜಿಯ ಹೆಸರನ್ನು ಯಾರಾದರೂ ಮನಸ್ಸು ಮಾಡಿ ಇಡಬೇಕಿತ್ತು, ಯಾರೂ ಇಡಲಿಲ್ಲ. ಪೊನ್ನಪ್ಪ ಉಳಿದ, ಪೊನ್ನಮ್ಮ ಹೋದಳು.

ಆದ್ದರಿಂದ ಅಮ್ಮತ್ತಿಯ ತಮ್ಮ, ಇಡುವುದಾದರೆ ಮುಂದೆಯೇ ಇಡಿ.

ಗೋಣಿಕೊಪ್ಪ_ಗೋಲಿ

ಅಕ್ಕ ಹೇಳಿದ್ದಕ್ಕೆ ಮೈದಾನದಿಂದ ಒಂದು ಸೇರ್ಪಡೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ತಂಡವೆಂದರೆ ಒಕ್ಕ. ಹನ್ನೊಂದು ಜನರಿಗೂ ಒಂದೇ ಮನೆ ಹೆಸರು. ಹಾಗಾಗಿ ವೀಕ್ಷಕ ವಿವರಣೆಯಲ್ಲಿ ಒಕ್ಕದ ಹೆಸರು ಹೇಳಿ ಪ್ರಯೋಜನವಿಲ್ಲ, ಸ್ವಂತ ಹೆಸರು ಹೇಳಲೇಬೇಕು. ವಯಸ್ಸಾದ ಆಟಗಾರನಿಗೆ ಚೆಂಡು ಹೋದರೆ “ಕುಶಾಲಪ್ಪ” ಎನ್ನುತ್ತಾರೆ, ಅವನ ಮಗನಿಗೆ ಹೋದರೆ ಎರಡಕ್ಷರದ ಒಂದು ಹೆಸರು. ತಂದೆ ಮಗ ಒಂದೇ ತಂಡದಲ್ಲಿ ಆಡುವುದುಂಟು, ಆಗ ಧ್ವನಿವರ್ಧಕದಲ್ಲಿ ಎರಡು ಕಾಲಗಳನ್ನು ಒಟ್ಟಿಗೆ ಕೇಳಬಹುದು.

ಮರಗೋಡು_ಮೆಣಸು

ಕಕ್ಕಬ್ಬೆಯ ಅಕ್ಕನ ವಾದ ಕೇಳಲು ಸೊಗಸಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ತಮಿಳು, ತೆಲುಗು ಚಿತ್ರಗಳಲ್ಲಿ ಹೆಸರು ಮಾಡಿರುವ ವರ್ಷಾ ಬೊಳ್ಳಮ್ಮ ನಮ್ಮ ಜಿಲ್ಲೆಯವರೇ ಅಲ್ಲವೇ? ಅವರ ಬಾಲದಲ್ಲಿ ಅಪ್ಪನೂ ಇಲ್ಲ, ಅಣ್ಣನೂ ಇಲ್ಲ, ಬೊಳ್ಳಮ್ಮ ಇದ್ದಾಳೆ. ಬೊಳ್ಳಿ ಎಂದರೆ ಬೆಳ್ಳಿ. ಪೊನ್ನಮ್ಮನ ಪಕ್ಕದಲ್ಲೇ ನಿಲ್ಲುವ ಹೆಸರು. ಈಗ ನಮ್ಮ ಮದುವೆಯ ಕರೆಯೋಲೆಗಳಲ್ಲಿ ಹುಡುಗಿಯರ ಹೆಸರು ನೋಡಿ: ಮುಂದೊಂದು ಹೊಸ ಹೆಸರು, ಹಿಂದೆ ಮುತ್ತಮ್ಮ, ದೇಚಮ್ಮ, ಕಾವೇರಮ್ಮ, ಪೊನ್ನಮ್ಮ. ಬಾಲ ಹೆಂಗಸರಿಗೂ ತೆರೆದಿದೆ.

ಕಕ್ಕಬ್ಬೆ_ಜೇನು

ಬೊಳ್ಳಮ್ಮನನ್ನು ಒಪ್ಪಿಕೊಂಡೆ. ಒಂದು ವ್ಯತ್ಯಾಸ ಗಮನಿಸಿ. ತಂದೆಯ ಹೆಸರು ಬಾಲಕ್ಕೆ ಬಂದದ್ದು ಫಾರಂ ತುಂಬುವ ಅಭ್ಯಾಸದಿಂದ. ಈ ಬೊಳ್ಳಮ್ಮ, ಪೊನ್ನಮ್ಮಂದಿರು ಬರುತ್ತಿರುವುದು ಮನೆಯವರು ಆಯ್ದುಕೊಂಡದ್ದರಿಂದ. ಹಾಗಾಗಿಯೇ ಇದು ಕೆಲವು ಮನೆಗಳಲ್ಲಿ ಮಾತ್ರ ಕಾಣುತ್ತದೆ. ಮದುವೆಯಾದ ಮೇಲೆ ಆ ಎರಡನೆಯ ಹೆಸರು ಉಳಿಯುವುದೋ, ಗಂಡನ ಹೆಸರಿಗೆ ಜಾಗ ಬಿಟ್ಟುಕೊಡುವುದೋ, ನೀವೇ ಮುಂದಿನ ಕರೆಯೋಲೆಗಳಲ್ಲಿ ಎಣಿಸಿ ಹೇಳಿ.

ಮದೆನಾಡು_ಗೌಡ

ಪೊನ್ನಪ್ಪ, ಬೆಳ್ಳಿಯಪ್ಪ, ಕುಶಾಲಪ್ಪ, ಪೂವಯ್ಯ, ದೇವಯ್ಯ ಇವನ್ನೆಲ್ಲ ‘ಕೊಡವ ಹೆಸರು’ ಎಂದು ಒಂದೇ ಗೂಟಕ್ಕೆ ಕಟ್ಟುತ್ತಿದ್ದೀರಿ. ಕೊಡಗಿನ ಇನ್ನೊಂದು ಸಮುದಾಯವಾದ ನಮ್ಮ ಅರೆಭಾಷೆ ಗೌಡರ ಮನೆಗಳಲ್ಲಿಯೂ ಇವೇ ಹೆಸರುಗಳು ತಲೆತಲಾಂತರದಿಂದ ಇವೆ. ಬ್ರಿಟಿಷರ ವಿರುದ್ಧ ದಂಗೆಯೆದ್ದು 1837ರಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರನ್ನೇ ನೋಡಿ: ಮೊದಲು ಮನೆ, ಆಮೇಲೆ ತಾವು. ಒಂದೇ ಗುಡ್ಡ, ಒಂದೇ ಮಳೆ, ಪಕ್ಕಪಕ್ಕದ ಗದ್ದೆ. ಹೆಸರುಗಳು ಬೇಲಿ ನೋಡಿ ನಿಲ್ಲುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ವಿರಾಜಪೇಟೆಯಲ್ಲಿ ಎದುರುಬದುರು ನಿಂತವರು ಎ.ಎಸ್. ಪೊನ್ನಣ್ಣ ಮತ್ತು ಕೆ.ಜಿ. ಬೋಪಯ್ಯ. ಒಬ್ಬರು ಕೊಡವರು, ಒಬ್ಬರು ನಮ್ಮವರು. ಹೆಸರು ನೋಡಿ ಮತ ಹಾಕುವ ಹೊರಗಿನವನೊಬ್ಬನಿದ್ದರೆ ಯಾರು ಯಾರೆಂದು ಹೇಳಲು ತಡವರಿಸುತ್ತಿದ್ದ.

ಮೂರ್ನಾಡು_ನಾಡಾಳ

ದಯವಿಟ್ಟು ರಾಜಕೀಯ ಬೇಡ. ಹೆಸರಿನ ಚರ್ಚೆ ಚೆನ್ನಾಗಿ ಸಾಗುತ್ತಿದೆ.

ಮದೆನಾಡು_ಗೌಡ

ಪೊನ್ನಣ್ಣ ಎಂಬುದು ಹೆಸರೇ ಸ್ವಾಮಿ. ಯಾರಿಗೆ ಮತ ಹಾಕಿದೆ ಎಂದು ನಾನು ಹೇಳಿಲ್ಲವಲ್ಲ.

ಹುದಿಕೇರಿ_ಹುಡುಗ

ಪೊನ್ನಂಪೇಟೆಯನ್ನು ಯಾರೂ ನೆನೆಯಲಿಲ್ಲ! ದಿವಾನರಾಗಿದ್ದ ಚೆಪ್ಪುಡೀರ ಪೊನ್ನಪ್ಪನವರಿಂದ ಊರಿಗೆ ಆ ಹೆಸರು ಬಂತೆಂದು ನಮ್ಮ ಕಡೆ ಹೇಳುತ್ತಾರೆ. ರಾಮಕೃಷ್ಣ ಶಾರದಾಶ್ರಮ, ಅರಣ್ಯ ಮಹಾವಿದ್ಯಾಲಯ ಇರುವ ಊರು, ಈಗ ಸ್ವಂತ ತಾಲ್ಲೂಕೂ ಆಗಿದೆ. ತಾಲ್ಲೂಕಿನ ಹೆಸರಿನಲ್ಲೇ ಪೊನ್ನು ಇರುವಾಗ ಮಗುವಿನ ಹೆಸರಿನಲ್ಲಿದ್ದರೆ ಹಳತಾಯಿತೇ?

ಕಕ್ಕಬ್ಬೆ_ಜೇನು

ನೋಡಿದಿರಾ, ಊರೂ ಪೊನ್ನಪ್ಪನದೇ.

ಸಿದ್ದಾಪುರ_ರೈಟರ್

ನಾನು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ನಮ್ಮ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ ಓದಿದರೆ ಕೊಡಗಿನ ಚಿನ್ನಕ್ಕೆ ಎಷ್ಟು ಹೆಸರು ಎಂಬುದು ತಿಳಿಯುತ್ತದೆ. ಹಳೆಯ ಪುಟಗಳಲ್ಲಿ ಪೊನ್ನಮ್ಮ ಇದ್ದಾಳೆ, ತಮಿಳುನಾಡಿನಿಂದ ಬಂದ ಕುಟುಂಬದ ಪೊನ್ನಿ ಇದ್ದಾಳೆ, ತಂಗಮ್ಮ ಇದ್ದಾಳೆ, ಹೊನ್ನಮ್ಮ ಇದ್ದಾಳೆ. ತಂಗಮ್ಮ ಎಂದರೆ ತಂಗಿಯಮ್ಮ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ತಂಗಂ ಎಂದರೆ ಬಂಗಾರ ಎಂದು ನಮ್ಮ ಮೇಸ್ತ್ರಿ ಹೇಳಿದ. ಅಂದರೆ ಕಾಫಿ ಕೊಯ್ಯಲು ಒಂದೇ ಸಾಲಿನಲ್ಲಿ ನಿಂತವರು ನಾಲ್ಕು ಬಗೆಯ ಚಿನ್ನ, ಕೂಲಿ ಮಾತ್ರ ಎಲ್ಲರಿಗೂ ಒಂದೇ.

ಇನ್ನೊಂದು. ಪೊನ್ನಿ ಎಂಬುದು ತಮಿಳಿನಲ್ಲಿ ಕಾವೇರಿ ನದಿಯ ಹೆಸರು. ಅಂಗಡಿಯಲ್ಲಿ ಸಿಗುವ ಪೊನ್ನಿ ಅಕ್ಕಿಯೂ ಅದೇ ಹೆಸರಿನದು. ತಲಕಾವೇರಿಯಲ್ಲಿ ಹುಟ್ಟುವವಳು ನಮ್ಮಲ್ಲಿ ಕಾವೇರಮ್ಮ, ಕೆಳಗೆ ಬಯಲಿಗೆ ಇಳಿದ ಮೇಲೆ ಪೊನ್ನಿ. ಅಮ್ಮತ್ತಿಯ ಅಣ್ಣನ ಮಗುವಿನ ಹೆ‍ಸರಿನಲ್ಲಿ ಎರಡೂ ಬಂದಂತಾಯಿತು.

ಸೋಮವಾರಪೇಟೆ_ಮೇಷ್ಟ್ರು

ರೈಟರ್ ಅವರು ಒಳ್ಳೆಯದನ್ನೇ ಎತ್ತಿದರು. ಹಳೆಯ ತಮಿಳು ಸಾಹಿತ್ಯದಲ್ಲಿಯೂ ಕಾವೇರಿಗೆ ಪೊನ್ನಿ ಎಂಬ ಹೆಸರುಂಟು. ಅಂದ ಹಾಗೆ ಚಿಣ್ಣಪ್ಪನನ್ನು ಯಾರೂ ಈ ಚಿನ್ನದ ಸಾಲಿಗೆ ಸೇರಿಸಲು ಅವಸರ ಮಾಡಬೇಡಿ. ಕನ್ನಡದವನ ಕಿವಿಗೆ ಚಿನ್ನಪ್ಪ ಬಂಗಾರದವನು. ತಮಿಳಿನಲ್ಲಿ ‘ಚಿನ್ನ’ ಎಂದರೆ ಚಿಕ್ಕದು. ಎರಡು ಭಾಷೆಗಳ ನಡುವಿನ ಜಿಲ್ಲೆಯಲ್ಲಿ ಆ ಹೆಸರು ಎರಡೂ ಕಡೆಯಿಂದ ಬರಬಹುದು. 1924ರಲ್ಲಿ ಕೊಡವರ ಹಾಡುಗಳನ್ನು ಕೂಡಿಸಿ ಅಚ್ಚಿಗೆ ಕೊಟ್ಟ ನಡಿಕೇರಿಯಂಡ ಚಿಣ್ಣಪ್ಪನವರ ಹೆಸರನ್ನು ಇಲ್ಲಿ ಎಲ್ಲರೂ ಣಕಾರದಲ್ಲಿಯೇ ಬರೆಯುತ್ತಾರೆ, ಅದೂ ಗಮನಿಸಬೇಕಾದ್ದೇ.

ಪೊನ್ನಮ್ಮನಿಗೆ ಈ ತೊಡಕಿಲ್ಲ. ಯಾವ ಬದಿಯಿಂದ ಬಂದರೂ ಬಂಗಾರವೇ.

ಬೆಂಗಳೂರು_ಚಿಕ್ಕಮ್ಮ

ವ್ಯಾಕರಣ ಕೇಳಿ ಕೇಳಿ ಕಿವಿ ತುಂಬಿತು. ನನ್ನ ಪ್ರಶ್ನೆಗೆ ಉತ್ತರ ಕೊಡಿ: ಈ ಕಾಲದಲ್ಲಿ ಅಮ್ಮನ ಹೆಸರು ಹೊತ್ತು ಸ್ವಂತ ಬಲದಿಂದ ಹೆಸರಾದ ಒಬ್ಬ ಹುಡುಗಿಯನ್ನು ತೋರಿಸಿ.

ಗೋಣಿಕೊಪ್ಪ_ಗೋಲಿ

ಎಂ.ಆರ್. ಪೂವಮ್ಮ. ಮಚ್ಚೆಟ್ಟಿರ ರಾಜು ಪೂವಮ್ಮ. 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಮಹಿಳೆಯರ 4x400 ಮೀಟರ್ ರಿಲೇ ಚಿನ್ನ, 2015ರಲ್ಲಿ ಅರ್ಜುನ ಪ್ರಶಸ್ತಿ. ನಮ್ಮ ಗೋಣಿಕೊಪ್ಪದವರು. ಒಕ್ಕ, ತಂದೆ, ತಾನು, ಎಲ್ಲವೂ ಹಳೆಯ ಕ್ರಮದಲ್ಲೇ ಇವೆ. ಪೂ ಎಂದರೆ ಹೂವು ಎಂದು ಮೇಷ್ಟ್ರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಬೆಂಗಳೂರು_ಚಿಕ್ಕಮ್ಮ

ಪೂವಮ್ಮನವರನ್ನು ಮರೆತಿದ್ದೆ. ಸರಿ, ಓಡುವ ಮಗುವಾದರೆ ಇಡಿ. ಉಳಿದ ಮಾತಿನಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಪೊನ್ನಮ್ಮ_ನಾನೇ

ಚಿಕ್ಕಮ್ಮನವರೇ, ನಾನು ಓಡುವುದಿಲ್ಲ, ಸಾಲ ಮಂಜೂರು ಮಾಡುತ್ತೇನೆ. ಅದಕ್ಕೂ ಈ ಹೆಸರು ಸಾಕಾಗಿದೆ.

ಒಂದು ಮಾತು ಹೇಳಬೇಕೆನಿಸಿತು. ಕೊಡಗಿನಲ್ಲಿ ‘ಅಮ್ಮ’ ಎಂಬುದು ವಯಸ್ಸಿನ ಗುರುತಾಗಿರಲಿಲ್ಲ. ತೊಟ್ಟಿಲಲ್ಲಿ ಮಲಗಿದ್ದಾಗಲೂ ಮುತ್ತಮ್ಮ, ತಂಗಮ್ಮ. ಹುಡುಗನಾದರೆ ಹಲ್ಲು ಬರುವ ಮೊದಲೇ ಅಪ್ಪಯ್ಯ. ಹುಟ್ಟಿದ ಕೂಸನ್ನು ಹಿರಿಯರ ಮರ್ಯಾದೆಯಿಂದಲೇ ಕರೆಯುವ ಪದ್ಧತಿ ಅದು. ಅಜ್ಜಿಯ ಹೆಸರಿಟ್ಟ ಮೊಮ್ಮಗಳನ್ನು ಬೈಯುವಾಗಲೂ ಪೂರ್ತಿ ಹೆಸರು ಹಿಡಿದು ಬೈಯಲು ನಮ್ಮ ಮನೆಯಲ್ಲಿ ಹಿಂಜರಿಯುತ್ತಿದ್ದರು. ನನ್ನ ಅವ್ವ ಬೈಯಬೇಕಾದಾಗ ‘ಪೊನ್ನು’ ಎಂದು ಮೊಟಕು ಮಾಡಿಕೊಂಡೇ ಬೈಯುತ್ತಿದ್ದರು. ಈ ಅನುಕೂಲ ಪ್ರಿಯಾಂಕಾಗೆ ಸಿಗುವುದಿಲ್ಲ.

ಪುತ್ತೂರಿನ_ಅಳಿಯ

ನಮ್ಮ ಮನೆಯಲ್ಲಿ ಅಂಥ ಹಿಂಜರಿಕೆ ಯಾರಿಗೂ ಇಲ್ಲ. ಮಗನಿಗೆ ಮಾವನವರ ಹೆಸರೇ ಇಟ್ಟಿದ್ದೇವೆ. ಹೆಂಡತಿ ಅವನನ್ನು ಗದರುವಾಗ ಮಾವನವರು ಪತ್ರಿಕೆ ಮಡಚಿ ತೋಟದ ಕಡೆ ನಡೆದುಬಿಡುತ್ತಾರೆ.

ಕುಶಾಲನಗರ_ಸೇವಾಕೇಂದ್ರ

ನಾನು ಅರ್ಜಿ ತುಂಬಿಕೊಡುವ ಕೆಲಸದವನು, ಆದ್ದರಿಂದ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ನಿಮ್ಮದು ಆಗಿದೆ. ಹೆಸರಿಗೆ ಅವಸರವಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಅನಂತರ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಒಮ್ಮೆ ಸೇರಿಸಿದ ಹೆಸರನ್ನು ಬದಲಾಯಿಸುವುದು ಸೇರಿಸಿದಷ್ಟು ಸುಲಭವಲ್ಲ. ನನ್ನ ಬಳಿ ಬರುವ ಅರ್ಧದಷ್ಟು ತಲೆನೋವು ಇಂಥದೇ: ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು. ‘ಪೊನ್ನಮ್ಮ’ನನ್ನು ಇಂಗ್ಲಿಷಿನಲ್ಲಿ ಒಂದೇ ಎನ್ ಹಾಕಿ ಬರೆದು ಪೊನಮ್ಮ ಮಾಡಿಕೊಂಡು ಬಂದವರನ್ನು ಕಂಡಿದ್ದೇನೆ. ಕಾರ್ಯಪ್ಪನವರ ಹೆಸರನ್ನೇ ಇಂಗ್ಲಿಷಿನಲ್ಲಿ ಕೆಲವರು ಸಿ ಅಕ್ಷರದಿಂದಲೂ ಕೆಲವರು ಕೆ ಅಕ್ಷರದಿಂದಲೂ ಬರೆಯುತ್ತಾರೆ. ಫೀಲ್ಡ್ ಮಾರ್ಷಲ್‌ಗೆ ಅದು ನಡೆಯುತ್ತದೆ, ನಮಗೆ ನಿಮಗೆ ನಡೆಯುವುದಿಲ್ಲ.

ಅಮ್ಮತ್ತಿ_ಅಪ್ಪ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ಹೆಂಡತಿಗೆ ಓದಿ ಹೇಳಿದೆ. ಕಕ್ಕಬ್ಬೆಯ ಅಕ್ಕನ ಬೋಗುಣಿಯ ಮಾತಿಗೆ ಅವಳು ಎದ್ದುಹೋಗಿ ತನ್ನ ತವರಿನಿಂದ ಬಂದ ಪಾತ್ರೆಗಳನ್ನೆಲ್ಲ ತಿರುಗಿಸಿ ನೋಡಿದಳು. ಒಂದರಲ್ಲಿ ಅವಳ ಅಜ್ಜಿಯ ಹೆಸರು ಸಿಕ್ಕಿತು, ಉಳಿದವುಗಳಲ್ಲಿ ಅಂಗಡಿಯ ಹೆಸರು.

ತೀರ್ಮಾನವಾಗಿದೆ. ಪೊನ್ನಮ್ಮ, ಮುಂದೆಯೂ ಅದೇ ಹಿಂದೆಯೂ ಅದೇ. ನನ್ನ ಹೆಸರನ್ನು ಬಾಲಕ್ಕೆ ಹಾಕುವುದಿಲ್ಲ. ಒಕ್ಕದ ಹೆಸರು ಮೊದಲು, ಆಮೇಲೆ ಅವಳ ಹೆಸರು. ಅತ್ತಿಗೆಗೆ ಫೋನ್ ಮಾಡಿ ಹೇಳಿದೆ. “ಮನೆಯಲ್ಲಿ ನಾನು ಪಿಹು ಎಂದು ಕರೆಯುತ್ತೇನೆ” ಎಂದರು. ಕರೆಯಲಿ. ನನ್ನ ತಂದೆ ಮಾತ್ರ ಈಗ ಇನ್ನೊಂದು ತಕರಾರು ತೆಗೆದಿದ್ದಾರೆ: ತಂದೆಯ ಹೆಸರು ಇಲ್ಲದ ಮೇಲೆ ನಡುವಿನ ಇನಿಷಿಯಲ್ ಆದರೂ ಬೇಡವೇ ಎನ್ನುತ್ತಾರೆ. ಸೇವಾಕೇಂದ್ರದ ಅಣ್ಣ, ಹಾಗೆ ಒಂದಕ್ಷರ ಹಾಕಿದರೆ ತೊಂದರೆಯೇ?

ಕುಶಾಲನಗರ_ಸೇವಾಕೇಂದ್ರ

ಒಂದಕ್ಷರ ಮಾತ್ರ ಹಾಕಬೇಡಿ. ಮುಂದೆ ಪಾಸ್‌ಪೋರ್ಟ್‌ಗೆ ಹೋದಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎನ್ನುತ್ತಾರೆ, ಆಗ ಜನನ ಪತ್ರಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲವಾದರೆ ಬಿಟ್ಟುಬಿಡಿ. ಒಕ್ಕದ ಹೆಸರನ್ನೂ ಬಿಡಿಸಿಯೇ ಬರೆಯಿರಿ. ಇಂಗ್ಲಿಷಿನಲ್ಲಿ ಪೊನ್ನಮ್ಮನಿಗೆ ಎರಡು ಎನ್, ಎರಡು ಎಂ. ತಂದೆ ತಾಯಿ ಇಬ್ಬರ ಆಧಾರ್ ಮತ್ತು ನೋಂದಣಿ ಸಂಖ್ಯೆ ಇರುವ ಮೂಲ ಪತ್ರ ತನ್ನಿ. ಸಲ್ಲಿಸುವ ಮೊದಲು ಪರದೆಯ ಮೇಲೆ ಕನ್ನಡ, ಇಂಗ್ಲಿಷ್ ಎರಡನ್ನೂ ನೀವೇ ಓದಿ ನೋಡಿ. ಶನಿವಾರ ಮಧ್ಯಾಹ್ನದ ಮೇಲೆ ಬರಬೇಡಿ, ಸರ್ವರ್ ಕೈಕೊಡುತ್ತದೆ.